ಬೇಕಂತಲೇ ಸೋಲಬೇಕಾ? ಮನೆಮಂದಿಯ ಬೋರ್ಡ್ ಗೇಮ್: ಓದುಗರ ಪ್ರಶ್ನೆ, ನನ್ನ ಉತ್ತರ

ಮನೆಯವರೆಲ್ಲ ಸೇರಿ ತಲೆ ಓಡಿಸಿ ಆಡುವ ಬೋರ್ಡ್ ಗೇಮ್‌ಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂದಿದ್ದೆ. ಯಾವ ಆಟ ಕೊಳ್ಳಬೇಕು ಅಂತ ಕೇಳಿದವರು ಕಡಿಮೆ. ಜಗಳದ ಬಗ್ಗೆ ಬರೆದವರೇ ಜಾಸ್ತಿ. ಒಳ್ಳೆಯದೇ ಆಯ್ತು. ಆಡುವುದು ಹೇಗೆ ಅಂತ ಪೆಟ್ಟಿಗೆಯೊಳಗಿನ ಪುಸ್ತಕದಲ್ಲಿರುತ್ತದೆ, ಮುನಿಸಿಕೊಂಡವರನ್ನು ಮತ್ತೆ ಕೂರಿಸುವುದು ಹೇಗೆ ಅಂತ ಅದರಲ್ಲಿ ಬರೆದಿರುವುದಿಲ್ಲ. ಹೆಸರು ಹಾಕಬೇಡಿ ಅಂತ ಹಲವರು ಕೇಳಿಕೊಂಡಿದ್ದೀರಿ. ಯಾರದ್ದೂ ಹಾಕಿಲ್ಲ. ಓದಿ ನಿಮ್ಮ ಮನೆಯವರೇ ಗುರುತು ಹಿಡಿದರೆ ಅದಕ್ಕೆ ನಾನು ಹೊಣೆಯಲ್ಲ.

ಪ್ರಶ್ನೆ: ನಾವು ನಾಲ್ವರು ಸೇರಿ ಕ್ಯಾಟಾನ್ ಆಡುತ್ತೇವೆ. ಯಾವಾಗಲೂ ಯಜಮಾನರೇ ಗೆಲ್ಲುವುದು. ಹತ್ತು ವರ್ಷದ ಮಗಳು ಸೋತಾಗಲೆಲ್ಲ ಅಳುತ್ತಾಳೆ. ಹೋದ ವಾರ ಬೋರ್ಡನ್ನೇ ತಳ್ಳಿಬಿಟ್ಟಳು. ‘ಮಗು ತಾನೇ, ಒಂದೆರಡು ಸಲ ಸೋತುಬಿಡಿ’ ಅಂದರೆ ಇವರು ಒಪ್ಪಲ್ಲ. ಯಾರು ಸರಿ?

ಉತ್ತರ: ಅರ್ಧ ಅವರು ಸರಿ, ಅರ್ಧ ನೀವು. (ಕ್ಯಾಟಾನ್ ಗೊತ್ತಿಲ್ಲದವರಿಗೆ: ದಾಳದಲ್ಲಿ ಬಿದ್ದ ಸಂಖ್ಯೆಯ ಜಾಗದ ಪಕ್ಕ ಊರಿದ್ದವರಿಗೆ ಇಟ್ಟಿಗೆ, ಮರದಂತಹ ಸರಕಿನ ಕಾರ್ಡ್ ಸಿಗುತ್ತದೆ, ಅದರಿಂದ ರಸ್ತೆ, ಊರು, ಪಟ್ಟಣ ಕಟ್ಟಿ ಅಂಕ ಗಳಿಸುವ ಆಟ.)

ಬೇಕಂತಲೇ ಸೋಲುವುದು ಬೇಡ. ಹತ್ತು ವರ್ಷದ ಹುಡುಗಿಗೆ ಅದು ಗೊತ್ತಾಗದೆ ಇರುವುದಿಲ್ಲ. ಅಪ್ಪ ಕೈಯಲ್ಲಿ ಇಟ್ಟಿಗೆ, ಮರ ಎರಡನ್ನೂ ಇಟ್ಟುಕೊಂಡು ರಸ್ತೆ ಹಾಕದೆ ದಾಳ ಮುಂದಕ್ಕೆ ತಳ್ಳಿದರೆ ಅವಳು ನೋಡದೆ ಇರುತ್ತಾಳಾ? ಒಂದು ಸಲ ಗೊತ್ತಾಯಿತೋ, ಮುಂದೆ ನಿಜವಾಗಿ ಗೆದ್ದ ಆಟದ ಮೇಲೂ ಅನುಮಾನ. ‘ಅಪ್ಪ ಸುಮ್ನೆ ಬಿಟ್ಟುಕೊಟ್ಟರು’ ಅನ್ನುವ ಗೆಲುವು ಯಾರಿಗೆ ಬೇಕು?

ಹಾಗಂತ ಇಬ್ಬರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿಸುವುದೂ ಸರಿಯಲ್ಲ. ಕ್ಯಾಟಾನ್ ಪೆಟ್ಟಿಗೆಯ ಮೇಲೆ 10 ವರ್ಷ ದಾಟಿದವರಿಗೆ ಅಂತ ಇರುತ್ತದೆ. ಆ ವಯಸ್ಸಿಗೆ ನಿಯಮ ಅರ್ಥವಾಗುತ್ತದೆ ಅಂತ ಅದರ ಲೆಕ್ಕ. ಅಪ್ಪನನ್ನು ಸೋಲಿಸುವಷ್ಟು ಪಳಗಿರುತ್ತಾರೆ ಅಂತಲ್ಲ.

ಬಿಟ್ಟುಕೊಡುವುದಿದ್ದರೆ ಆಟ ಶುರುವಾಗುವ ಮೊದಲೇ, ಎಲ್ಲರೆದುರು ಹೇಳಿ ಬಿಟ್ಟುಕೊಡಿ. ಆಮೇಲೆ ಪೂರ್ತಿ ಶಕ್ತಿ ಹಾಕಿ ಆಡಿ. ಕಪ್ಪು-ಬಿಳಿ ಕಾಯಿಗಳ ಹಳೆಯ ಚೀನೀ ಆಟ ಗೋ ಇದೆಯಲ್ಲ, ಅದನ್ನು ಆಡುವವರು ಮಾಡುವುದು ಇದನ್ನೇ. ಇಬ್ಬರಲ್ಲಿ ಒಬ್ಬರು ಪಳಗಿದವರಾದರೆ, ಇನ್ನೊಬ್ಬರು ಮೊದಲೇ 2ರಿಂದ 9 ಕಾಯಿಗಳನ್ನು ಬೋರ್ಡ್ ಮೇಲೆ ಇಟ್ಟುಕೊಂಡು ಶುರುಮಾಡುತ್ತಾರೆ. ಯಾರೂ ಅದನ್ನು ದಾನ ಅಂದುಕೊಳ್ಳುವುದಿಲ್ಲ. ಈ ವರ್ಷ ಐದು ಕಾಯಿ ಪಡೆದವನು ಮುಂದಿನ ವರ್ಷ ಮೂರಕ್ಕೆ ಇಳಿದರೆ ಅದೇ ಅವನ ಗೆಲುವು.

ಕ್ಯಾಟಾನ್‌ನಲ್ಲಿ ಹೀಗೆ ಮಾಡಬಹುದು. ಗೆಲ್ಲಲು 10 ಅಂಕ ಬೇಕಲ್ವಾ? ಮಗಳಿಗೆ 8 ಸಾಕು ಅನ್ನಿ. ಅವಳು ಸಲೀಸಾಗಿ ಗೆಲ್ಲತೊಡಗಿದರೆ 9, ಆಮೇಲೆ ಎಲ್ಲರಂತೆ 10. ಇದು ಬೇಡವಾದರೆ ಬ್ಯಾಂಕಿನ ಲೆಕ್ಕ ಬದಲಿಸಿ. ಒಂದೇ ತರಹದ ನಾಲ್ಕು ಕಾರ್ಡ್ ಕೊಟ್ಟರೆ ಬೇಕಾದ ಒಂದು ಸಿಗುತ್ತದೆ ಅಂತ ನಿಯಮ. ಅವಳಿಗೆ ಮೂರು ಕೊಟ್ಟರೆ ಸಿಗಲಿ. ಎರಡನ್ನೂ ಒಟ್ಟಿಗೆ ಕೊಡಬೇಡಿ. ಒಂದೇ ಇರಲಿ, ಅದು ಯಾವುದು ಅಂತ ಅವಳೇ ಆರಿಸಲಿ. ನನ್ನ ಅಣ್ಣನ ಮಗಳಿಗೆ ಹೀಗೆ ಎರಡು ಅಂಕ ಬಿಟ್ಟುಕೊಟ್ಟಿದ್ದೆವು. ಒಂದು ದಿನ ಕಾಯಿ ಜೋಡಿಸುವಾಗ ಅವಳೇ, ‘ಅತ್ತೆ, ನಂಗೂ ಹತ್ತೇ ಇರಲಿ’ ಅಂದಳು. ಆವತ್ತು ಸೋತಳು. ಅಳಲಿಲ್ಲ.

ಈಗ ನಿಮ್ಮ ಯಜಮಾನರು ಗೆಲ್ಲುವುದು ಎಲ್ಲಿ ಅನ್ನುವುದಕ್ಕೆ ಬರೋಣ. ನನ್ನ ಊಹೆ: ದಾಳ ಹಾಕುವ ಮೊದಲೇ ಗೆದ್ದಿರುತ್ತಾರೆ. ಕ್ಯಾಟಾನ್‌ನಲ್ಲಿ ಎಲ್ಲರೂ ಶುರುವಿನಲ್ಲಿ ಎರಡೆರಡು ಊರು ಇಡುತ್ತಾರಲ್ಲ, ಅರ್ಧ ಆಟ ಅಲ್ಲೇ ಮುಗಿದಿರುತ್ತದೆ. ಮಕ್ಕಳು ಸಮುದ್ರದ ಪಕ್ಕ ಚೆನ್ನಾಗಿದೆ, ಕುರಿ ಇದೆ ಅಂತ ಇಡುತ್ತಾರೆ. ದೊಡ್ಡವರು ಚುಕ್ಕೆ ನೋಡಿ ಇಡುತ್ತಾರೆ.

ಪ್ರತಿ ಸಂಖ್ಯೆಯ ಬಿಲ್ಲೆಯ ಮೇಲೂ ಸಣ್ಣ ಚುಕ್ಕೆಗಳಿವೆ, ನೋಡಿದ್ದೀರಾ? ಸುಮ್ನೆ ಅಲಂಕಾರಕ್ಕೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಎರಡು ದಾಳ ಬೀಳುವುದಕ್ಕೆ ಒಟ್ಟು 36 ದಾರಿ. ಅದರಲ್ಲಿ ಆ ಸಂಖ್ಯೆ ಬರುವ ದಾರಿ ಎಷ್ಟೋ ಅಷ್ಟು ಚುಕ್ಕೆ. 6ಕ್ಕೂ 8ಕ್ಕೂ ಐದೈದು, ಅದಕ್ಕೇ ಅವು ಕೆಂಪು. 5, 9ಕ್ಕೆ ನಾಲ್ಕು. 4, 10ಕ್ಕೆ ಮೂರು. 3, 11ಕ್ಕೆ ಎರಡು. 2, 12ಕ್ಕೆ ಒಂದೇ. ಒಂದು ಊರು ಮೂರು ಬಿಲ್ಲೆಗಳಿಗೆ ತಾಗುವ ಮೂಲೆಯಲ್ಲಿ ಕೂರುತ್ತದೆ. ಆ ಮೂರರ ಚುಕ್ಕೆ ಕೂಡಿಸಿ. 10 ಮುಟ್ಟಿದರೆ ಒಳ್ಳೆ ಜಾಗ. ನಾಲ್ಕು ಜನ ಆಡುವಾಗ 36 ಸಲ ದಾಳ ಹಾಕುವುದು ಅಂದರೆ ಒಂಬತ್ತು ಸುತ್ತು. ಅಷ್ಟರಲ್ಲಿ ಆ ಊರಿನಿಂದ ಸರಾಸರಿ ಹತ್ತು ಕಾರ್ಡ್ ಬರುತ್ತವೆ. ಐದು ಚುಕ್ಕೆಯ ಮೂಲೆಯಲ್ಲಿ ಕೂತವರಿಗೆ ಐದೇ.

ಅಣ್ಣನ ಮಗಳಿಗೆ ಇಷ್ಟು ಹೇಳಿಕೊಟ್ಟ ಮೇಲೆ ನೋಡಬೇಕಿತ್ತು. ತೋರುಬೆರಳನ್ನು ಮೂಲೆಯಿಂದ ಮೂಲೆಗೆ ಜಾರಿಸುತ್ತಾಳೆ, ತುಟಿಯಲ್ಲೇ ಎಣಿಸುತ್ತಾಳೆ, ತಲೆ ಅಲ್ಲಾಡಿಸಿ ಮುಂದಿನದಕ್ಕೆ ಹೋಗುತ್ತಾಳೆ. ನಾನು ‘ಇಲ್ಲಿ ಹನ್ನೊಂದಿದೆ ನೋಡು’ ಅಂದರೆ, ‘ಮೂರೂ ಉಣ್ಣೆ, ಉಣ್ಣೆ ತಗೊಂಡು ಏನ್ಮಾಡ್ಲಿ’ ಅಂತ ನನಗೇ ತಿರುಗಿಸಿ ಹೇಳಿದಳು. ಸರಿಯಾಗೇ ಹೇಳಿದಳು. ರಸ್ತೆಗೆ ಇಟ್ಟಿಗೆ, ಮರ ಬೇಕು. ಊರಿಗೆ ಅವೆರಡರ ಜೊತೆ ಉಣ್ಣೆ, ಗೋಧಿ. ಪಟ್ಟಣಕ್ಕೆ ಮೂರು ಅದಿರು, ಎರಡು ಗೋಧಿ. ಬೋರ್ಡ್ ಮೇಲೆ ಕಾಡು, ಹುಲ್ಲುಗಾವಲು, ಹೊಲ ನಾಲ್ಕು ನಾಲ್ಕಿದ್ದರೆ, ಇಟ್ಟಿಗೆಯ ಗುಡ್ಡ ಮತ್ತು ಅದಿರಿನ ಬೆಟ್ಟ ಮೂರು ಮೂರೇ. ಹಾಗಾಗಿ ಶುರುವಿನಲ್ಲಿ ಇಟ್ಟಿಗೆಗೆ ಬೇಡಿಕೆ ಜಾಸ್ತಿ. ಇದನ್ನು ಮಗಳಿಗೆ ಯಜಮಾನರೇ ಹೇಳಿಕೊಡಲಿ. ಅವರು ಬಿಟ್ಟುಕೊಡಬೇಕಾದ್ದು ಆಟವನ್ನಲ್ಲ, ಈ ಗುಟ್ಟನ್ನು.

ಇನ್ನು ಅಳು. ನಾನು ಕಂಡಂತೆ ಮಕ್ಕಳಿಗೆ ಅಳು ಬರುವುದು ಕೊನೆಯಲ್ಲಿ ಸೋತಾಗ ಅಲ್ಲ, ನಡುವೆ 7 ಬಿದ್ದಾಗ. ಪಟ್ಟಣ ಕಟ್ಟಲು ಅಂತ ಕಾರ್ಡ್ ಕೂಡಿಡುತ್ತಿರುತ್ತಾರೆ. ಕೈಯಲ್ಲಿ ಎಂಟಾಗಿರುತ್ತದೆ. 7 ಬೀಳುತ್ತದೆ, ಏಳಕ್ಕಿಂತ ಹೆಚ್ಚು ಕಾರ್ಡ್ ಇದ್ದವರದ್ದು ಅರ್ಧ ಹೋಯಿತು. ಅದರ ಮೇಲೆ 7 ಹಾಕಿದವರು ಕಳ್ಳನ ಕಾಯಿಯನ್ನು ತಂದು ಅವರ ಹೊಲದಲ್ಲೇ ಕೂರಿಸಿ ಇನ್ನೊಂದು ಕಾರ್ಡನ್ನೂ ಎಳೆದುಕೊಂಡರೆ ದೊಡ್ಡವರಿಗೂ ಕಣ್ಣು ಒದ್ದೆಯಾಗುತ್ತದೆ. 7 ಅಪರೂಪದ ಸಂಖ್ಯೆಯಲ್ಲ. 36ರಲ್ಲಿ 6, ಅಂದರೆ ಆರು ಸಲ ಹಾಕಿದರೆ ಸುಮಾರು ಒಂದು ಸಲ. ನಾಲ್ವರ ಆಟದಲ್ಲಿ ಒಂದೂವರೆ ಸುತ್ತಿಗೊಮ್ಮೆ ಅನ್ನಿ. ‘ಕೈಯಲ್ಲಿ ಏಳು ದಾಟುವ ಹಾಗಿದ್ದರೆ ನಿನ್ನ ಸರದಿಯಲ್ಲೇ ಏನಾದರೂ ಕಟ್ಟಿಬಿಡು’ ಅಂತ ಮೊದಲೇ ಹೇಳಿಡಿ. ಜೊತೆಗೆ ಇನ್ನೊಂದು ಮಾತು ಮಾಡಿಕೊಳ್ಳಿ. ಎರಡೇ ಅಂಕ ಇರುವವರ ಊರಿನ ಪಕ್ಕಕ್ಕೆ ಕಳ್ಳನನ್ನು ಕಳಿಸುವಂತಿಲ್ಲ. ಇದು ಎಷ್ಟೋ ಕಡೆ ಚಾಲ್ತಿಯಲ್ಲಿರುವ ಪದ್ಧತಿ. ಆಟದ ರುಚಿ ಏನೂ ಕೆಡುವುದಿಲ್ಲ.

ಬೋರ್ಡ್ ತಳ್ಳಿದ್ದಕ್ಕೆ? ಕಾಯಿಗಳನ್ನೆಲ್ಲ ಅವಳೇ ಹೆಕ್ಕಿ ಪೆಟ್ಟಿಗೆಗೆ ಹಾಕಲಿ, ಆವತ್ತಿಗೆ ಆಟ ಮುಗಿಯಿತು. ಅಷ್ಟೇ ಸಾಕು. ಮತ್ತೆ ಯಜಮಾನರಿಗೆ ಒಂದು ಮಾತು: ಗೆದ್ದ ಕೂಡಲೇ ‘ನೀನು ಅಲ್ಲಿ ಊರು ಕಟ್ಟಬೇಕಿತ್ತು’ ಅಂತ ಪಾಠ ಶುರುಮಾಡುವವರು ನೀವಾಗಿದ್ದರೆ, ಆ ಪಾಠ ಮಾರನೆಯ ದಿನಕ್ಕೆ ಇರಲಿ. ಅದೂ ಅವಳು ಕೇಳಿದರೆ.

ಪ್ರಶ್ನೆ: ಅದೇ ಕ್ಯಾಟಾನ್. ನಾನು, ಅಣ್ಣ, ಅತ್ತಿಗೆ ಆಡುತ್ತೇವೆ. ಅಣ್ಣನಿಗೆ ಅದಿರು ಬೇಕು ಅಂದರೆ ಸಾಕು, ಅತ್ತಿಗೆ ‘ತಗೊಳ್ಳಿ’ ಅಂತ ಕೊಟ್ಟುಬಿಡುತ್ತಾರೆ. ನಾನು ಕೇಳಿದರೆ ಎರಡು ಗೋಧಿ ಕೇಳುತ್ತಾರೆ. ಇವರ ಜೊತೆ ಆಡೋದು ಹೇಗೆ?

ಉತ್ತರ: ನಿಯಮದ ಪುಸ್ತಕ ನಿಮ್ಮ ಕಡೆಗಿದೆ, ಮಾರಾಯ್ರೇ. ಕ್ಯಾಟಾನ್‌ನಲ್ಲಿ ಕಾರ್ಡನ್ನು ಪುಕ್ಕಟೆ ಕೊಡುವಂತೆಯೇ ಇಲ್ಲ. ಕೊಟ್ಟವರಿಗೂ ಏನಾದರೂ ಬರಬೇಕು. ಮತ್ತೆ, ಯಾರ ಸರದಿಯೋ ಅವರ ಜೊತೆ ಮಾತ್ರ ವ್ಯಾಪಾರ. ಅಣ್ಣನ ಸರದಿಯಲ್ಲಿ ನೀವು, ಅತ್ತಿಗೆ ನಿಮ್ಮನಿಮ್ಮಲ್ಲೇ ಬದಲಾಯಿಸಿಕೊಳ್ಳುವಂತಿಲ್ಲ. ಈ ಎರಡನ್ನು ಬಿಗಿಯಾಗಿ ಹಿಡಿದರೆ ಅರ್ಧ ತೊಂದರೆ ಹೋಗುತ್ತದೆ.

ಉಳಿದರ್ಧಕ್ಕೆ ನಿಯಮವಿಲ್ಲ. ಒಂದು ಅದಿರಿಗೆ ಒಂದು ಉಣ್ಣೆ ಅಂತ ಇಬ್ಬರೂ ಒಪ್ಪಿದರೆ ಅದು ನ್ಯಾಯವಾದ ವ್ಯಾಪಾರವೇ. ಅತ್ತಿಗೆ ತಾನು ಗೆಲ್ಲಬೇಕು ಅಂತ ಆಡುತ್ತಿದ್ದಾರಾ, ಅಣ್ಣ ಗೆಲ್ಲಲಿ ಅಂತಲಾ? ಅದನ್ನು ನಗುನಗುತ್ತಲೇ ಕೇಳಿನೋಡಿ. ಎರಡನೆಯದಾದರೆ ಮೂವರ ಆಟ ಅಲ್ಲ ಅದು, ಒಬ್ಬರ ಮೇಲೆ ಇಬ್ಬರು. ಆಗ ನಾಲ್ಕನೆಯವರನ್ನು ಕರೆತನ್ನಿ. ನಾಲ್ವರಾದರೆ ಅದಿರು ಇರುವವರು ಇನ್ನೊಬ್ಬರು ಸಿಗುತ್ತಾರೆ, ಅತ್ತಿಗೆಯ ಕೈ ತಾನಾಗೇ ಸಡಿಲವಾಗುತ್ತದೆ.

ಒಂದು ತಂತ್ರವನ್ನೂ ಹೇಳಿಬಿಡುತ್ತೇನೆ. ಬಂದರು ಹಿಡಿಯಿರಿ. ನಿಮಗೆ ಗೋಧಿ ಜಾಸ್ತಿ ಬರುತ್ತಿದ್ದರೆ ಗೋಧಿಯ ಬಂದರಿನಲ್ಲಿ ಊರು ಕಟ್ಟಿ. ಎರಡು ಗೋಧಿಗೆ ಬೇಕಾದ ಕಾರ್ಡ್ ಒಂದು, ಅದೂ ಬ್ಯಾಂಕಿನಿಂದ. ಅತ್ತಿಗೆ ಕೇಳಿದ ಬೆಲೆಯೂ ಅಷ್ಟೇ ತಾನೇ! ಇನ್ನು ಯಾರನ್ನೂ ಬೇಡಬೇಕಾಗಿಲ್ಲ.

ಪ್ರಶ್ನೆ: ಮೊನಾಪೊಲಿ ಶುರುಮಾಡಿದರೆ ಮೂರು ನಾಲ್ಕು ಗಂಟೆ ಬೇಕು. ಅತ್ತೆಯವರು ಮೊದಲೇ ದಿವಾಳಿಯಾಗಿ ಸುಮ್ನೆ ಕೂತಿರುತ್ತಾರೆ. ಕೊನೆಗೆ ಉಳಿಯುವ ಇಬ್ಬರು ಮೈದುನರಿಗೆ ಜಗಳ. ಮನೆಯವರಿಗೆ ಬೇರೆ ಆಟ ಬೇಡವಂತೆ. ಏನು ಮಾಡಲಿ?

ಉತ್ತರ: ಮೊನಾಪೊಲಿ ನಿಮ್ಮ ಮನೆಯಲ್ಲಿ ತಾನು ಹುಟ್ಟಿದ್ದೇ ಯಾತಕ್ಕೋ ಅದನ್ನು ಸರಿಯಾಗಿ ಮಾಡುತ್ತಿದೆ. ಇದರ ಮೂಲ ಎಲಿಜಬೆತ್ ಮ್ಯಾಗಿ ಎಂಬ ಅಮೆರಿಕದ ಹೆಂಗಸು ಮಾಡಿದ ಆಟ. 1904ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಜಾಗ ಹಿಡಿದಿಟ್ಟುಕೊಂಡವನು ಬಾಡಿಗೆಯಲ್ಲೇ ಬೆಳೆಯುತ್ತಾನೆ, ಉಳಿದವರು ಬರಿಗೈ ಆಗುತ್ತಾರೆ ಅಂತ ತೋರಿಸುವುದೇ ಆಕೆಯ ಉದ್ದೇಶ. 1935ರಲ್ಲಿ ಪಾರ್ಕರ್ ಬ್ರದರ್ಸ್ ಮೊನಾಪೊಲಿ ಹೆಸರಲ್ಲಿ ಮಾರಲು ಶುರುಮಾಡಿದ ಮೇಲೆ ಉದ್ದೇಶ ಮರೆತುಹೋಯಿತು, ದಿವಾಳಿ ಮಾತ್ರ ಉಳಿಯಿತು.

ಉದ್ದ ಕಡಿಮೆ ಮಾಡಲು ಹೊಸ ನಿಯಮ ಏನೂ ಬೇಕಿಲ್ಲ. ಇರುವ ನಿಯಮದಂತೆ ಆಡಿದರೆ ಸಾಕು. ದಂಡ, ತೆರಿಗೆಯ ದುಡ್ಡನ್ನೆಲ್ಲ ಬೋರ್ಡ್ ನಡುವೆ ಗುಡ್ಡೆ ಹಾಕಿ, ಫ್ರೀ ಪಾರ್ಕಿಂಗ್‌ಗೆ ಬಂದವರಿಗೆ ಕೊಡುತ್ತೀರಿ ತಾನೇ? ಹಾಗೆ ನಿಯಮದಲ್ಲಿ ಇಲ್ಲವೇ ಇಲ್ಲ. ಆ ದುಡ್ಡು ಬ್ಯಾಂಕಿಗೆ ಹೋಗಬೇಕು. ಇನ್ನೇನು ಸೋಲಬೇಕು ಅನ್ನುವವರ ಕೈಗೆ ಸುಮ್ನೆ ದುಡ್ಡು ಬಂದರೆ ಆಟ ಮುಗಿಯುವುದಾದರೂ ಹೇಗೆ?

ಇನ್ನೊಂದು, ಹರಾಜು. ಯಾರದ್ದೂ ಅಲ್ಲದ ಜಾಗಕ್ಕೆ ಬಂದವರು ‘ನನಗೆ ಬೇಡ’ ಅಂದರೆ ಅದು ಹಾಗೇ ಖಾಲಿ ಉಳಿಯುವುದಿಲ್ಲ. ಅಲ್ಲೇ ಹರಾಜು ಆಗಬೇಕು. ಬೇಡ ಅಂದವರೂ ಕೂಗಬಹುದು. ಇದನ್ನು ಬಿಟ್ಟು ಆಡುವ ಮನೆಗಳೇ ಜಾಸ್ತಿ. ಹರಾಜು ಬಂದರೆ ಜಾಗಗಳು ಬೇಗ ಖರ್ಚಾಗುತ್ತವೆ. ಅದಕ್ಕಿಂತ ಹೆಚ್ಚಾಗಿ, ತಲೆ ಓಡಿಸುವ ಕೆಲಸ ಶುರುವಾಗುವುದೇ ಅಲ್ಲಿ. ನಿಮ್ಮ ಅತ್ತೆಯವರಿಗೆ ದಾಳ ಕೈಕೊಟ್ಟರೂ ಹರಾಜಿನಲ್ಲಿ ಅಗ್ಗಕ್ಕೆ ಹೊಡೆದುಕೊಳ್ಳಬಹುದು.

ಅವರು ಸುಮ್ನೆ ಕೂರುವುದಕ್ಕೆ ಮದ್ದು ಗಡಿಯಾರ. ‘ಒಂದೂವರೆ ಗಂಟೆ, ಆಮೇಲೆ ಯಾರ ಹತ್ತಿರ ಜಾಸ್ತಿ ಇದೆಯೋ ಅವರು ಗೆದ್ದರು’ ಅಂತ ಮೊದಲೇ ಹೇಳಿಕೊಳ್ಳಿ. ಶುರುವಿನಲ್ಲೇ ಎಲ್ಲರಿಗೂ ಒಂದೆರಡು ಜಾಗದ ಕಾರ್ಡ್ ಹಂಚಿ, ಬೆಲೆ ಕಟ್ಟಿಸಿಕೊಳ್ಳಿ. ಕೊನೆಗೆ ನಗದು, ಜಾಗದ ಬೆಲೆ, ಕಟ್ಟಿದ ಮನೆಗಳ ಬೆಲೆ ಕೂಡಿಸಿ. ಅಡವಿಟ್ಟ ಜಾಗಕ್ಕೆ ಅರ್ಧ ಲೆಕ್ಕ. ದಿವಾಳಿಯಾಗುವ ಮೊದಲೇ ಗಂಟೆ ಹೊಡೆಯುತ್ತದೆ.

ಅತ್ತೆಯವರ ಕಿವಿಯಲ್ಲಿ ಮಾತ್ರ ಇದನ್ನು ಹೇಳಿ: ಬ್ಯಾಂಕಿನಲ್ಲಿ ಇರುವುದು 32 ಮನೆ, 12 ಹೋಟೆಲ್. ಮನೆ ಮುಗಿದರೆ ಯಾರೂ ಕಟ್ಟುವಂತಿಲ್ಲ. ನಾಲ್ಕು ಮನೆ ಕಟ್ಟಿ ಅಲ್ಲೇ ನಿಂತುಬಿಡಿ, ಹೋಟೆಲ್ ಮಾಡಬೇಡಿ. ಹೋಟೆಲ್ ಮಾಡಿದರೆ ಆ ನಾಲ್ಕು ಮನೆ ಬ್ಯಾಂಕಿಗೆ ವಾಪಸ್ ಹೋಗಿ ಮೈದುನರ ಕೈಗೆ ಸಿಗುತ್ತದೆ. ಮೈದುನರಿಗೆ ಜಗಳ ಆಡಲು ಹೊಸ ವಿಷಯ ಸಿಕ್ಕಂತಾಯಿತು ಅನ್ನುತ್ತೀರಾ? ಇರಲಿ ಬಿಡಿ. ಈ ಸಲ ಅತ್ತೆಯವರೂ ಅದರಲ್ಲಿ ಇರುತ್ತಾರೆ.

ಪ್ರಶ್ನೆ: ಮಗನಿಗೆ ಆರು ವರ್ಷ. ಅಕ್ಕನ ಜೊತೆ ‘ದೊಡ್ಡವರ ಆಟ’ ಆಡಬೇಕು ಅಂತ ಹಟ. ಕೂರಿಸಿಕೊಳ್ಳಬಹುದಾ?

ಉತ್ತರ: ಕೂರಿಸಿಕೊಳ್ಳಿ, ಆದರೆ ನಿಮ್ಮ ಪಾಲುದಾರನಾಗಿ. ಕಾರ್ಡ್ ಅವನ ಕೈಯಲ್ಲಿ, ಯೋಚನೆ ಇಬ್ಬರದ್ದು. ಪ್ರತಿ ಸರದಿಗೂ ಅವನ ಮುಂದೆ ಎರಡು ದಾರಿ ಇಡಿ, ‘ರಸ್ತೆ ಹಾಕೋಣವಾ, ಕಾಯೋಣವಾ?’ ಅಂತ. ಅವನು ಹೇಳಿದ್ದನ್ನೇ ಮಾಡಿ, ತಪ್ಪಾದರೂ ಸರಿ. ದಾಳ ಹಾಕುವ ಹಕ್ಕು ಪೂರ್ತಿ ಅವನದು. ಅವನದೇ ಆಟ ಬೇಕು ಅಂದರೆ ಕ್ಯಾಟಾನ್ ಜೂನಿಯರ್, ರೈಲು ಹಳಿ ಹಿಡಿಯುವ ಆಟ ಟಿಕೆಟ್ ಟು ರೈಡ್‌ನ ಫಸ್ಟ್ ಜರ್ನಿ ಎರಡೂ 6 ವರ್ಷದಿಂದ ಮೇಲಿನವರಿಗೆ. ದೊಡ್ಡ ಆಟದ ಚೌಕಟ್ಟು ಹಾಗೇ ಇದೆ, ಲೆಕ್ಕ ಕಡಿಮೆ.

ಪ್ರಶ್ನೆ: ಜಗಳ ಬೇಡ ಅಂತಲೇ ಪ್ಯಾಂಡೆಮಿಕ್ ತಂದೆವು. ಎಲ್ಲರೂ ಒಂದೇ ಕಡೆ ಅಂತ ಖುಷಿಯಾಗಿತ್ತು. ಈಗ ಹದಿನೈದು ವರ್ಷದ ದೊಡ್ಡ ಮಗ ಎಲ್ಲರ ಆಟವನ್ನೂ ತಾನೇ ಆಡುತ್ತಾನೆ. ‘ಅಮ್ಮ ನೀನು ಅಲ್ಲಿಗೆ ಹೋಗು, ಆ ಕಾರ್ಡ್ ಅವನಿಗೆ ಕೊಡು.’ ನಾವು ಅವನು ಹೇಳಿದ ಕಡೆ ಕಾಯಿ ಎತ್ತಿಡುವುದಷ್ಟೇ.

ಉತ್ತರ: ಇದು ನಿಮ್ಮ ಮಗನ ತಪ್ಪು ಅಷ್ಟೇ ಅಲ್ಲ, ಆ ಆಟದಲ್ಲೇ ಇರುವ ಸಂದು. ಮ್ಯಾಟ್ ಲೀಕಾಕ್ ಮಾಡಿದ ಪ್ಯಾಂಡೆಮಿಕ್ 2008ರಲ್ಲಿ ಬಂತು. ಎಲ್ಲರೂ ಸೇರಿ ನಾಲ್ಕು ರೋಗಗಳಿಗೆ ಮದ್ದು ಹುಡುಕಬೇಕು. ಎದುರಾಳಿ ಬೋರ್ಡೇ. ಎಲ್ಲವೂ ಎಲ್ಲರ ಕಣ್ಣೆದುರಿಗೆ ಇರುವುದರಿಂದ ಚುರುಕಾಗಿ ಲೆಕ್ಕ ಹಾಕುವವರೊಬ್ಬರು ನಾಲ್ಕು ಜನರ ಆಟವನ್ನೂ ಒಬ್ಬರೇ ಆಡಿಬಿಡಬಹುದು. ಜಗಳ ಇರಲ್ಲ ನಿಜ, ಆಟವೂ ಇರಲ್ಲ.

ಮೊದಲನೆಯದು, ಕಾರ್ಡ್‌ಗಳನ್ನು ಮುಚ್ಚಿ ಹಿಡಿದು ಆಡಿ. ಕೈಯಲ್ಲಿ ಏನಿದೆ ಅಂತ ಬಾಯಲ್ಲಿ ಹೇಳಬಹುದು, ತೋರಿಸುವಂತಿಲ್ಲ. ಎಲ್ಲರ ಕಾರ್ಡನ್ನೂ ತಲೆಯಲ್ಲಿ ಇಟ್ಟುಕೊಳ್ಳುವುದು ಅವನಿಗೂ ಕಷ್ಟ, ಹಾಗಾಗಿ ಕೇಳಲೇಬೇಕಾಗುತ್ತದೆ. ಎರಡನೆಯದು, ಯಾರ ಸರದಿಯೋ ಅವರು ಬಾಯಿಬಿಟ್ಟು ಕೇಳಿದರೆ ಮಾತ್ರ ಸಲಹೆ. ಒಂದು ಸರದಿಗೆ ನಾಲ್ಕು ಕೆಲಸ ಮಾಡಬಹುದಲ್ವಾ? ಆ ನಾಲ್ಕನ್ನೂ ನೀವೇ ಯೋಚಿಸಿ, ಗಟ್ಟಿಯಾಗಿ ಹೇಳಿ, ಆಮೇಲೆ ‘ಏನಂತೀರಿ?’ ಅನ್ನಿ. ನಿಮ್ಮ ಯೋಜನೆಯನ್ನು ಅವನು ತಿದ್ದಬಹುದು, ತನ್ನದನ್ನು ನಿಮ್ಮ ಕೈಗೆ ಕೊಡುವುದು ಬೇಡ.

ನಾನಾದರೆ ಅವನಿಗೆ ಇನ್ನೂ ಒಂದು ಕೆಲಸ ಕೊಡುತ್ತೇನೆ. ಹೊಸಬರಿದ್ದಾಗ ಕಾರ್ಡ್ ಕಟ್ಟಿನಲ್ಲಿ ನಾಲ್ಕು ಎಪಿಡೆಮಿಕ್ ಕಾರ್ಡ್ (ರೋಗ ಹಬ್ಬಿಸಿ ಆಟ ಕಷ್ಟ ಮಾಡುವ ಕಾರ್ಡ್) ಸೇರಿಸುತ್ತಾರೆ. ಪಳಗಿದ ಮೇಲೆ ಐದು, ಕೊನೆಗೆ ಆರು. ಆರು ಹಾಕಿ ಅವನು ಒಬ್ಬನೇ ನಾಲ್ಕೂ ಪಾತ್ರ ಹಿಡಿದು ಆಡಲಿ, ಬೇರೆ ದಿನ, ಬೇರೆ ಹೊತ್ತಲ್ಲಿ. ಎಲ್ಲವನ್ನೂ ತಾನೇ ನಡೆಸುವ ಆಸೆ ಅಲ್ಲಿ ತೀರಲಿ. ಹದಿನೈದರ ಹುಡುಗರಿಗೆ ಇದು ಶಿಕ್ಷೆಯಲ್ಲ, ಇಷ್ಟಪಟ್ಟೇ ಮಾಡುತ್ತಾರೆ.

ಅಷ್ಟಕ್ಕೂ ನಿಲ್ಲದಿದ್ದರೆ ಹನಾಬಿ ತನ್ನಿ. ಸಣ್ಣ ಪೆಟ್ಟಿಗೆ, ಬರೀ ಕಾರ್ಡ್, ಇದೂ ಒಟ್ಟಾಗಿ ಆಡುವ ಆಟವೇ. ತಮಾಷೆ ಏನೆಂದರೆ ನಿಮ್ಮ ಕಾರ್ಡ್ ನಿಮಗೆ ಕಾಣುವಂತಿಲ್ಲ, ಬೆನ್ನು ನಿಮ್ಮ ಕಡೆ, ಮುಖ ಉಳಿದವರ ಕಡೆ ಹಿಡಿಯಬೇಕು. ಉಳಿದವರು ‘ಇವೆರಡು ಕೆಂಪು’ ಅಥವಾ ‘ಇದು ಮೂರು’ ಅಂತ ಬಣ್ಣವನ್ನೋ ಸಂಖ್ಯೆಯನ್ನೋ ಮಾತ್ರ ಸುಳಿವು ಕೊಡಬಹುದು. ಆ ಸುಳಿವಿಗೂ ಎಂಟು ಬಿಲ್ಲೆಗಳ ಮಿತಿ. ಐದು ಬಣ್ಣಗಳಲ್ಲಿ 1ರಿಂದ 5ರವರೆಗೆ ಸಾಲಾಗಿ ಜೋಡಿಸಿದರೆ ಪೂರ್ತಿ 25 ಅಂಕ. ಇದರಲ್ಲಿ ಯಾರೂ ಯಾರಿಗೂ ‘ಅದನ್ನು ಹಾಕು’ ಅನ್ನುವಂತಿಲ್ಲ. ತನ್ನ ಕಾರ್ಡ್ ಏನು ಅಂತ ತಿಳಿಯಲು ನಿಮ್ಮ ಮಗ ನಿಮ್ಮ ಮುಖ ನೋಡುತ್ತಾ ಕೂರಬೇಕು. ಆ ನೋಟ ನೋಡಲಾದರೂ ಆಡಿ.

ಪ್ರಶ್ನೆ: ನನಗೆ ಗೊತ್ತಿರುವುದು ಚೆಸ್ ಒಂದೇ. ಒಂಬತ್ತು ವರ್ಷದ ಮೊಮ್ಮಗನಿಗೆ ಕಲಿಸಿದೆ. ಈಗ ‘ತಾತ, ನಿಮ್ಮ ಜೊತೆ ಬೇಡ, ನೀವೇ ಗೆಲ್ತೀರಿ’ ಅಂತಾನೆ. ಚೆಸ್ ಬಿಟ್ಟು ಬೇರೆ ಕಲಿಯಲು ನನಗೆ ಮನಸ್ಸಿಲ್ಲ.

ಉತ್ತರ: ನಮಸ್ಕಾರ ಹಿರಿಯರೇ. ಬೇರೆ ಆಟ ಬೇಕಿಲ್ಲ. ನಿಮ್ಮ ರಾಣಿಯನ್ನು ಪೆಟ್ಟಿಗೆಯಲ್ಲೇ ಬಿಟ್ಟು ಆಡಿ. ಮೊಮ್ಮಗ ಗೆಲ್ಲತೊಡಗಿದ ಮೇಲೆ ರಾಣಿ ವಾಪಸ್ ಬರಲಿ, ಒಂದು ಆನೆ ಹೊರಗೆ ಕೂರಲಿ. ಆಮೇಲೆ ಆನೆ ಒಳಗೆ, ಕುದುರೆ ಹೊರಗೆ. ಲೆಕ್ಕದಲ್ಲಿ ರಾಣಿಗೆ 9, ಆನೆಗೆ 5, ಕುದುರೆಗೆ 3 ಅಲ್ವಾ, ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬಹುದು. ಹಳೆಯ ಕಾಲದ ದೊಡ್ಡ ಆಟಗಾರರೂ ಹೀಗೆ ಕಾಯಿ ಬಿಟ್ಟು ಆಡಿದ್ದಾರೆ.

ನನಗೆ ಇದಕ್ಕಿಂತ ಇಷ್ಟವಾದದ್ದು ಇನ್ನೊಂದಿದೆ. ಎಲ್ಲ ಕಾಯಿಯೂ ಇರಲಿ. ಆದರೆ ಆಟದ ನಡುವೆ ಒಂದು ಸಲ, ಒಂದೇ ಸಲ, ಬೋರ್ಡ್ ತಿರುಗಿಸುವ ಹಕ್ಕು ಮೊಮ್ಮಗನಿಗೆ. ತಿರುಗಿಸಿದ ಕೂಡಲೇ ನಿಮ್ಮ ಕಾಯಿ ಅವನದು, ಅವನದು ನಿಮ್ಮದು. ಈಗ ನೀವು ಕಟ್ಟಿದ ಕೋಟೆಯನ್ನು ನೀವೇ ಒಡೆಯಬೇಕು. ಅವನು ಯಾವಾಗ ತಿರುಗಿಸುತ್ತಾನೆ ಅಂತ ನೋಡುತ್ತಿರಿ. ಮೊದಮೊದಲು ರಾಣಿ ಹೋದ ಕೂಡಲೇ ತಿರುಗಿಸುತ್ತಾನೆ. ಸ್ವಲ್ಪ ಬುದ್ಧಿ ಬಂದ ಮೇಲೆ ಕಾಯುತ್ತಾನೆ, ನೀವು ಇನ್ನೇನು ಗೆಲ್ಲಬೇಕು ಅನ್ನುವ ತನಕ. ಯಾರು ಮುಂದಿದ್ದಾರೆ ಅಂತ ಬೋರ್ಡ್ ನೋಡಿ ಹೇಳುವುದನ್ನು ಅವನು ಕಲಿಯುವುದು ಅಲ್ಲೇ. ನಿಮಗೂ ಇಷ್ಟು ದಿನ ಸಿಗದ ಗಟ್ಟಿ ಎದುರಾಳಿ ಸಿಗುತ್ತಾರೆ, ಅವರು ನೀವೇ.

ಪ್ರಶ್ನೆ: ನಮ್ಮಪ್ಪ ಒಂದು ನಡೆಗೆ ಹತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ಅಷ್ಟರಲ್ಲಿ ತಂಗಿ ಫೋನ್ ಹಿಡಿದಿರುತ್ತಾಳೆ, ಅವಳ ಸರದಿ ಬಂದಾಗ ‘ಏನಾಯ್ತು?’ ಅಂತಾಳೆ.

ಉತ್ತರ: ಇಬ್ಬರಿಗೂ ಮದ್ದು ಒಂದೇ. ಟಿಕೆಟ್ ಟು ರೈಡ್ ತರಹದ ಆಟ ಆಡಿ. ಒಂದು ಸರದಿಗೆ ಒಂದೇ ಕೆಲಸ: ಬಣ್ಣದ ಕಾರ್ಡ್ ತೆಗೆದುಕೊಳ್ಳಿ, ಇಲ್ಲವೇ ರೈಲು ಹಳಿ ಹಿಡಿಯಿರಿ, ಇಲ್ಲವೇ ಹೊಸ ಟಿಕೆಟ್ (ಯಾವ ಊರಿನಿಂದ ಯಾವ ಊರಿಗೆ ಹಳಿ ಜೋಡಿಸಬೇಕು ಅನ್ನುವ ಕಾರ್ಡ್) ತೆಗೆದುಕೊಳ್ಳಿ. ಉಳಿದವರು ಆಡುವಾಗಲೇ ಯೋಚಿಸಿ ಮುಗಿಸಬಹುದು. ಅಪ್ಪನ ಎದುರಿಗೆ ಒಂದು ಮರಳು ಗಡಿಯಾರ ಇಡಿ, ಅದನ್ನು ತಿರುಗಿಸುವ ಕೆಲಸ ತಂಗಿಗೆ ಕೊಡಿ. ಅದು ಕೈಯಲ್ಲಿದ್ದರೆ ಫೋನ್ ಹಿಡಿಯಲು ಪುರುಸೊತ್ತಿರಲ್ಲ. ಅಪ್ಪನನ್ನು ಅವಸರ ಮಾಡುವ ಅವಕಾಶ ಯಾವ ಮಗಳು ಬಿಡುತ್ತಾಳೆ?

ಪ್ರಶ್ನೆ: ಟಿಕೆಟ್ ಟು ರೈಡ್‌ನ ಕೆಂಪು ಬಣ್ಣದ ರೈಲು ಡಬ್ಬಿಗಳು ಕಳೆದುಹೋಗಿ 43 ಉಳಿದಿವೆ. ಎರಡು ಕಡಿಮೆ ತಾನೇ, ಹಾಗೇ ಆಡಬಹುದಾ? ಕೆಂಪು ಸಿಕ್ಕವರು ‘ನಂಗೆ ಮೋಸ’ ಅಂತಾರೆ, ಇನ್ನೊಬ್ಬರು ‘ಅದು ಲಾಭ’ ಅಂತಾರೆ.

ಉತ್ತರ: ಇಬ್ಬರೂ ಹೇಳುವುದು ನಿಜ. ಒಬ್ಬೊಬ್ಬರಿಗೆ 45 ಡಬ್ಬಿ. ಯಾರದಾದರೂ ಕೊನೆಗೆ ಎರಡು ಅಥವಾ ಅದಕ್ಕಿಂತ ಕಡಿಮೆ ಉಳಿದರೆ ಎಲ್ಲರಿಗೂ ಇನ್ನೊಂದೊಂದು ಸರದಿ, ಅಲ್ಲಿಗೆ ಆಟ ಮುಗಿಯಿತು. 43 ಇರುವವರು ಬೇಗ ಮುಗಿಸಿ ಉಳಿದವರ ಟಿಕೆಟ್ ಅರ್ಧಕ್ಕೇ ನಿಲ್ಲಿಸಬಹುದು, ಅದು ಲಾಭ. ಆದರೆ ಉದ್ದದ ಹಳಿಗೆ ಡಬ್ಬಿ ಸಾಲದೆ ಹೋಗಬಹುದು, ಆರು ಡಬ್ಬಿಯ ಹಳಿಗೆ 15 ಅಂಕ ಇರುವಾಗ ಅದು ಸಣ್ಣ ನಷ್ಟವಲ್ಲ. ಮೊದಲು ಪೆಟ್ಟಿಗೆಯ ಮೂಲೆ ನೋಡಿ. ಪ್ರತಿ ಬಣ್ಣಕ್ಕೂ ಕೆಲವು ಡಬ್ಬಿಗಳನ್ನು ಹೆಚ್ಚಿಗೆ ಹಾಕಿಯೇ ಕೊಟ್ಟಿರುತ್ತಾರೆ. ಅವೂ ಕಳೆದಿದ್ದರೆ, ಎಲ್ಲರೂ ಎರಡೆರಡು ಡಬ್ಬಿ ಪಕ್ಕಕ್ಕಿಟ್ಟು 43ರಲ್ಲೇ ಆಡಿ. ಪಕ್ಕಕ್ಕಿಟ್ಟದ್ದನ್ನು ಮುಚ್ಚಳದಲ್ಲಿ ಹಾಕಿಡಿ, ಇಲ್ಲದಿದ್ದರೆ ಮುಂದಿನ ಸಲ ನೀಲಿಯೂ 43 ಆಗಿರುತ್ತದೆ.